ಮೂರನೇ ಮಹಡಿಯ ತೂಕದ ಯಂತ್ರ

"ಇದು ನಮ್ಮದಲ್ಲ," ಎಂದು ಅತ್ತೆಯ ದನಿ ಮಂಚದ ಕೆಳಗಿನಿಂದ ಬಂತು.

ಮೊದಲು ಪೊರಕೆ ಹೊರಬಂತು, ಆಮೇಲೆ ಅತ್ತೆ, ಅವರ ಹಿಂದೆ ನೆಲಕ್ಕೆ ಕರಕರ ಉಜ್ಜಿಕೊಳ್ಳುತ್ತ ಒಂದು ತೂಕದ ಯಂತ್ರ. ಹತ್ತಿ ನಿಂತರೆ ಗಾಜಿನೊಳಗೆ ಮುಳ್ಳು ತಿರುಗುವ ಹಳೆಯ ಜಾತಿಯದು.

ಅವಳು ಬಾಚಣಿಗೆ ಕೈಯಲ್ಲಿಟ್ಟುಕೊಂಡೇ ಬಗ್ಗಿ ನೋಡಿದಳು. ಗಂಡನ ಅಂತ್ಯಕ್ರಿಯೆ ಮುಗಿದ ಮೇಲೆ ಬಂದ ಮೊದಲ ಮಾಮೂಲಿ ಬೆಳಗು ಅದು. ನೆಂಟರು ಹಿಂದಿನ ಸಂಜೆಯೇ ಖಾಲಿಯಾಗಿದ್ದರು. ಬಾಡಿಗೆ ಕುರ್ಚಿಗಳೂ ಅವರ ಬೆನ್ನಿಗೇ ಹೋಗಿದ್ದವು. ಕುರ್ಚಿಗಳು ಹೋದದ್ದು ಹೆಚ್ಚು ಗೊತ್ತಾಗುತ್ತಿತ್ತು.

ಯಂತ್ರವನ್ನು ಮಗುಚಿದರೆ ತಳದಲ್ಲಿ ಕೆಂಪು ಉಗುರುಬಣ್ಣದ ಅಕ್ಷರ: ಮೂರನೇ ಮಹಡಿ. ನೆನಪಿಟ್ಟು ವಾಪಸ್ ಕೊಡಿ.

"ನರ್ಸಮ್ಮನದು," ಎಂದರು ಅತ್ತೆ. "ಅಲ್ಲಿ ಇನ್ಯಾರಿಗೆ ಜನರ ಮೇಲೆ ಇಷ್ಟು ಅನುಮಾನ. ನೀನು ತಂದ್ಯಾ?"

"ಇಲ್ಲ."

"ನಾನೂ ತಂದಿಲ್ಲ."

ಮನೆಯಲ್ಲಿ ಇದ್ದವರು ಮೂವರು. ಲೆಕ್ಕ ಸುಲಭವಿತ್ತು.

ಅವಳು ಯಂತ್ರವನ್ನು ನೆಲಕ್ಕಿಟ್ಟು ನೆಟ್ಟಗೆ ಮಾಡಿದಳು. ಯಾರೂ ಹತ್ತದಿದ್ದರೂ ಮುಳ್ಳು ಸೊನ್ನೆಯನ್ನು ದಾಟಿ ಸ್ವಲ್ಪ ಮುಂದೆ ನಿಂತಿತ್ತು. ಹತ್ತಿ ನೋಡಿದಳು. ಕಳೆದ ವಾರವಿಡೀ ಅವರಿವರು ಬಲವಂತಕ್ಕೆ ತಿನ್ನಿಸಿದ್ದನ್ನು ಬಿಟ್ಟರೆ ಅವಳು ಏನೂ ತಿಂದಿರಲಿಲ್ಲ. ಆದರೂ ಯಂತ್ರದ ಪ್ರಕಾರ ಅವಳು ದಪ್ಪಗಾಗಿದ್ದಳು.

"ಹಾಳಾಗಿದೆ," ಎಂದಳು.

"ಹಾಳಾದ್ದನ್ನ ಯಾಕೆ ತಂದ?" ಅತ್ತೆ ಸೊಂಟ ಹಿಡಿದುಕೊಂಡು ಎದ್ದರು. ಬಾಗಿಲ ಹಿಂದಿನ ಗೂಟದಲ್ಲಿ ಮಗನ ಬೆಲ್ಟು ನೇತಾಡುತ್ತಿತ್ತು. ಅದನ್ನು ತೆಗೆದು ಸೊಸೆಯ ಮುಂದೆ ಹಿಡಿದರು. "ಇದನ್ನು ನೋಡಿದ್ಯಾ? ಹೊಸ ತೂತು. ಮೊಳೆ ಹೊಡೆದು ತಾನೇ ಮಾಡ್ಕೊಂಡಿದಾನೆ. ಸೊರಗಿದ್ದ. ಅವನಿಗೆ ಮೊದಲೇ ಏನೋ ಗೊತ್ತಿತ್ತು."

"ಗೊತ್ತಿದ್ರೆ ಹೇಳ್ತಿದ್ರು ಅತ್ತೆ."

"ಹೇಳ್ತಿದ್ನಾ?"

ಅವಳು ಬಾಚಣಿಗೆಯಲ್ಲಿ ಸಿಕ್ಕಿದ ಕೂದಲನ್ನು ಬಿಡಿಸತೊಡಗಿದಳು. ಗಂಡ ಬಸ್ ಸ್ಟಾಪಿನಲ್ಲಿ ನಿಂತಲ್ಲೇ ಕುಸಿದಿದ್ದ. ಎದೆ, ಎಂದಿದ್ದರು ಡಾಕ್ಟರು. ತೀರಾ ಹಠಾತ್ತಾಗಿ, ಎಂದೂ ಸೇರಿಸಿದ್ದರು. ಎಲ್ಲರೂ ಅದನ್ನೇ ಹೇಳುತ್ತಿದ್ದರು. ಹಠಾತ್ತಾಗಿ ಎಂಬ ಮಾತಿನಲ್ಲಿ ಒಂದು ಅನುಕೂಲವಿತ್ತು; ಮೊದಲೇ ಕಾಣಲಿಲ್ಲವೇ ಎಂದು ಯಾರ ಕಣ್ಣನ್ನೂ ದೂರುವಂತಿರಲಿಲ್ಲ.

"ಸಂಜೆ ನೀನೇ ಹೋಗಿ ಕೊಟ್ಟು ಬಾ," ಎಂದರು ಅತ್ತೆ. "ಯಾಕೆ ತಗೊಂಡ ಅಂತ ಕೇಳ್ಕೊಂಡು ಬಾ. ಆಯಮ್ಮ ನರ್ಸು, ಅವರತ್ರ ಹೇಳ್ಕೊಂಡಿರ್ತಾನೆ. ನನಗೆ ಅದೊಂದು ತಿಳಿದ್ರೆ ಸಾಕು."

"ಕೇಳ್ತೀನಿ."

"ಇವತ್ತೇ ಕೆಲಸಕ್ಕೆ ಹೋಗ್ಲೇಬೇಕಾ?"

"ರಜೆ ಮುಗಿದ್ಮೇಲೆ ಮೊದಲನೇ ಕ್ಲಾಸು."

ಅತ್ತೆ ಅಡುಗೆಮನೆಗೆ ಹೋದ ಮೇಲೆ ಅವಳು ಮಂಚದ ಕೆಳಗೆ ಇಣುಕಿದಳು. ಯಂತ್ರ ಇದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ. ಅದಕ್ಕೆ ಒತ್ತಿಕೊಂಡು ಗಂಡನ ಸೂಟ್‌ಕೇಸು. ಎಳೆದು ತೆರೆದಳು. ಒಳಗೆ ಏನೂ ಇರಲಿಲ್ಲ. ಸೂಟ್‌ಕೇಸನ್ನು ತೂಗುವವರು ವಿಮಾನ ಹತ್ತುವವರು. ಪಂಪು ಮಾರಲು ಊರೂರು ತಿರುಗುತ್ತಿದ್ದ ಗಂಡ ಬಸ್ಸಿನಲ್ಲೇ ಹೋಗುತ್ತಿದ್ದ, ಬಸ್ಸಿನಲ್ಲೇ ಬರುತ್ತಿದ್ದ. ಬಸ್ಸಿನವರು ಯಾವ ಕಾಲಕ್ಕೂ ಪೆಟ್ಟಿಗೆ ತೂಗಿದವರಲ್ಲ.

ಅತ್ತೆಗೆ ಇದನ್ನು ಹೇಳುವ ಅಗತ್ಯ ಕಾಣಲಿಲ್ಲ.

*

ಎಂದೂ ಹೊತ್ತಿಗೆ ಸರಿಯಾಗಿ ಬಾರದ ಹುಡುಗ ಹುಡುಗಿಯರೆಲ್ಲ ಅಂದು ಕಾಲೇಜಿಗೆ ಮೊದಲೇ ಬಂದು ಕೂತಿದ್ದರು. ವಿಭಾಗದ ಮುಖ್ಯಸ್ಥರು ಒಳಗೆ ಹೋಗಿ ಎಲ್ಲ ಹೇಳಿ ಬಂದಿದ್ದಾರೆಂದು ಅವಳಿಗೆ ಬಾಗಿಲಲ್ಲೇ ತಿಳಿಯಿತು. ಕುರ್ಚಿ ಎಳೆಯುವ ಸದ್ದಿಲ್ಲ. ಒಬ್ಬಳು ಪೆನ್ನಿನ ಮುಚ್ಚಳವನ್ನು ಮಗು ಮಲಗಿರುವ ಮನೆಯಲ್ಲಿ ಚಿಲಕ ತೆಗೆಯುವ ಹಾಗೆ ತೆಗೆದಳು.

ಯಾರೋ ತಮ್ಮನ್ನು ನೋಡುತ್ತಿದ್ದಾರೆಂದು ಗೊತ್ತಾದ ಕೂಡಲೆ ಜನ ನಡೆದುಕೊಳ್ಳುವ ರೀತಿ ಬದಲಾಗುತ್ತದೆ. ಇದು ಅವಳು ಕಲಿಸುವ ಪುಸ್ತಕದ ಆರನೆಯ ಅಧ್ಯಾಯದಲ್ಲಿ ಬರುವ ಮಾತು. ಇಲ್ಲಿ ಯಾರು ಯಾರನ್ನು ನೋಡುತ್ತಿದ್ದಾರೆ ಎಂಬುದಷ್ಟೇ ತಿಳಿಯದಾಗಿತ್ತು.

ಅವಳು ಹಲಗೆಯ ಮೇಲೆ ಬರೆದಳು: ವ್ಯವಹಾರದಲ್ಲಿ ಸಂಶೋಧನೆ. ಅಕ್ಷರ ನೆಟ್ಟಗಿತ್ತು. ಅದಕ್ಕೆ ಅವಳಿಗೇ ಆಶ್ಚರ್ಯವಾಯಿತು.

"ಒಂದು ಬಿಸ್ಕತ್ತಿನ ಅಂಗಡಿ," ಎಂದಳು. ಪ್ರತಿವರ್ಷ ಅದೇ ಬಿಸ್ಕತ್ತು. "ವ್ಯಾಪಾರ ಇಳೀತಿದೆ. ಮಾಲೀಕನಿಗೆ ಏನಾಗ್ತಿದೆ ಅಂತಾನೇ ಗೊತ್ತಿಲ್ಲ. ಆಗ ಅಲ್ಲಿ ಇಲ್ಲಿ ಸುಮ್ಮನೆ ವಿಚಾರಿಸ್ತೀವಿ, ಹುಡುಕಾಡ್ತೀವಿ. ಇದು ಅನ್ವೇಷಣೆಯ ಸಂಶೋಧನೆ. ಉತ್ತರ ಸಿಗಲ್ಲ, ಏನು ಕೇಳಬೇಕು ಅನ್ನೋದು ಸಿಗತ್ತೆ."

ಪೆನ್ನುಗಳು ಓಡಿದವು.

"ಎರಡನೇದು ವಿವರಣೆಯ ಸಂಶೋಧನೆ. ಯಾರು ಬರ್ತಾರೆ, ಯಾವಾಗ ಬರ್ತಾರೆ, ಏನು ತಗೋತಾರೆ. ಇದ್ದದ್ದು ಇದ್ದ ಹಾಗೆ. ವ್ಯವಹಾರದಲ್ಲಿ ನಡೆಯೋ ಸಂಶೋಧನೆ ಬಹುಪಾಲು ಇದೇ. ಮೂರನೇದು ಕಾರಣದ ಸಂಶೋಧನೆ. ಯಾಕೆ ಅನ್ನೋ ಪ್ರಶ್ನೆ. ಎಲ್ಲಕ್ಕಿಂತ ದುಬಾರಿ. ಎರಡು ಸಂಗತಿ ಅಕ್ಕಪಕ್ಕ ಇದ್ದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯ್ತು ಅನ್ನೋ ಹಾಗಿಲ್ಲ."

ಮಂಚದ ಕೆಳಗೆ ಯಂತ್ರವೂ ಸೂಟ್‌ಕೇಸೂ ಅಕ್ಕಪಕ್ಕ ಇದ್ದವು. ಅಷ್ಟೇ.

ಇಲ್ಲಿ ಅವಳು ಎಂದಿನ ತಮಾಷೆ ಮಾಡಿದಳು. ಕೊಡೆ ಮಾರಾಟವಾದ ದಿನವೇ ಮಳೆ ಬರುವುದರಿಂದ, ಮಳೆ ಬರಿಸುವುದು ಕೊಡೆಯೇ ಎಂದು ನಂಬಿದ ಮ್ಯಾನೇಜರನ ಕತೆ. ಯಾವ ವರ್ಷವೂ ಸೋಲದ ತಮಾಷೆ. ಈ ವರ್ಷ ಎಲ್ಲರೂ ಅದನ್ನು ಶ್ರದ್ಧೆಯಿಂದ ಬರೆದುಕೊಂಡರು.

ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೈಯೆತ್ತಿದಳು. "ಮೇಡಂ, ಅಂಗಡಿ ಮುಚ್ಚಿಹೋಗಿದ್ರೆ?"

"ಅಂದ್ರೆ?"

"ಅಂಗಡಿಯೇ ಇಲ್ಲ ಮೇಡಂ. ಆಮೇಲೆ ಯಾಕೆ ಮುಚ್ತು ಅಂತ ಕಂಡುಹಿಡಿದು ಏನುಪಯೋಗ? ಯಾರು ದುಡ್ಡು ಕೊಟ್ಟು ಮಾಡಿಸ್ತಾರೆ ಆ ಸಂಶೋಧನೇನ?"

ಪಕ್ಕದವಳು ಅವಳ ಮೊಣಕೈಗೆ ತಿವಿದಳು. ಇಡೀ ತರಗತಿ ಆ ಪ್ರಶ್ನೆಯಿಂದ ಒಂದು ಗೇಣು ದೂರ ಸರಿದು ಕೂತಂತಾಯಿತು. ಹುಡುಗಿಯ ಮುಖ ಕೆಂಪಾಯಿತು.

"ಒಳ್ಳೆ ಪ್ರಶ್ನೆ," ಎಂದಳು ಅವಳು. "ಪಕ್ಕದ ಅಂಗಡಿಯವನು ಮಾಡಿಸ್ತಾನೆ."

ಯಾರೋ ಕಿಸಕ್ಕೆಂದು, ತಕ್ಷಣ ಕೆಮ್ಮಿದರು.

ಸಿಬ್ಬಂದಿ ಕೋಣೆಯಲ್ಲಿ ಮುಖ್ಯಸ್ಥರು ಅವಳ ಮೇಜಿನ ಬಳಿ ಬಂದು, ಕಾಗದ ಹಾರದಂತೆ ಅಲ್ಲಿಟ್ಟಿದ್ದ ಕಲ್ಲನ್ನು ಎತ್ತಿ, ಮತ್ತೆ ಅಲ್ಲೇ ಇಟ್ಟರು. ಹಿಂದೆ ಅವಳಿಗೂ ಇದೇ ವಿಷಯ ಕಲಿಸಿದವರು ಅವರು.

"ಊಟ ಆಯ್ತೇನಮ್ಮ?"

"ಆಯ್ತು ಸರ್."

ಇನ್ನೂ ಹನ್ನೊಂದೂ ಹೊಡೆದಿರಲಿಲ್ಲ. ಅವರು ಗಡಿಯಾರ ನೋಡಿ, ನೋಡದವರ ಹಾಗೆ ನಿಂತರು.

"ಎಲ್ಲಿಗೆ ಬಂತು ಪಾಠ? ತೂಕದ ಯಂತ್ರ ಹೇಳಿದ್ಯಾ?"

ಅವಳು ತಲೆಯೆತ್ತಿದಳು.

"ಅದೇ ಅಮ್ಮ, ಉದಾಹರಣೆ. ಎಷ್ಟು ಸಲ ಹತ್ತಿದ್ರೂ ಒಂದೇ ತಪ್ಪು ತೋರಿಸೋದು."

"ಅದು ಮುಂದಿನ ವಾರ ಸರ್."

ಅದು ಅವರ ಉದಾಹರಣೆ. ಅವರಿಂದ ಅವಳಿಗೆ ಬಂದದ್ದು. ಯಂತ್ರ ಪ್ರತಿಸಲ ಒಂದೇ ಅಂಕಿ ತೋರಿಸಿದರೆ ಅದನ್ನು ನಂಬಬಹುದು. ಆದರೆ ನಂಬಬಹುದು ಎಂದ ಮಾತ್ರಕ್ಕೆ ಅದು ತೋರಿಸುವ ತೂಕ ನಿಜವಾಗಬೇಕಿಲ್ಲ. ಹುಡುಗರಿಗೆ ಯಾವ ವರ್ಷವೂ ಇದು ತಲೆಗೆ ಹೋದದ್ದಿಲ್ಲ. ಮನೆಯಲ್ಲಿ ಊಟದ ಹೊತ್ತಿಗೆ ಅವಳು ಇದನ್ನೇ ಗೊಣಗುತ್ತಿದ್ದಳು. ಗಂಡ ಪೇಪರಿನ ಆಚೆಯಿಂದ ಹೂಂ ಎನ್ನುತ್ತಿದ್ದ. ಆ ಹೂಂ ಕೂಡ ಹಾಗೆಯೇ. ಯಾವಾಗಲೂ ಒಂದೇ ತೂಕದ್ದು.

*

ಸಂಜೆ ಅತ್ತೆ ಯಂತ್ರವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬಾಗಿಲ ಬಳಿ ಇಟ್ಟಿದ್ದರು, ಊರಿಗೆ ಹೊರಟವರ ಗಂಟಿನ ಹಾಗೆ.

"ಸುತ್ತಿಬಳಸಿ ಕೇಳಬೇಡ. ನೇರ ಕೇಳು. ಅವನಿಗೆ ಹುಷಾರಿರಲಿಲ್ಲ ಅಲ್ವಾ ಅಂತ ಕೇಳು."

"ಹಾಗೆ ಕೇಳಬಾರದು ಅತ್ತೆ."

"ಯಾಕೆ?"

"ಹಾಗೆ ಕೇಳಿದ್ರೆ ಹೌದು ಅಂತಾರೆ."

"ಅನ್ನಲಿ."

ಯಂತ್ರ ನೋಡುವುದಕ್ಕಿಂತ ಭಾರವಿತ್ತು. ಎರಡೂ ತೋಳಿನಲ್ಲಿ ಎದೆಗವಚಿಕೊಂಡು ಮೆಟ್ಟಿಲು ಹತ್ತಬೇಕಾಯಿತು. ಗಂಡ ಇದನ್ನು ಇಳಿಸಿ ತಂದಿದ್ದಾನೆ, ಅವಳಿಲ್ಲದ ಹೊತ್ತು ನೋಡಿ. ಅತ್ತೆಯೂ ನಿದ್ದೆ ಮಾಡುತ್ತಿದ್ದಿರಬೇಕು. ಒಬ್ಬ ಮನುಷ್ಯ ತೂಕದ ಯಂತ್ರವನ್ನು ಕದ್ದು ತರುವಂತೆ ತರುವುದಕ್ಕೆ ಕಾರಣ ಎಷ್ಟಿರಬಹುದು? ಬೆಲ್ಟಿನ ತೂತು ಒಂದು ಕಡೆ ಕೈ ತೋರಿಸುತ್ತಿತ್ತು. ಸೂಟ್‌ಕೇಸು ಇನ್ನೊಂದು ಕಡೆ. ಒಂದರಲ್ಲಿ ಅವನು ಸಾಯುತ್ತಿದ್ದ, ಇನ್ನೊಂದರಲ್ಲಿ ಹೊರಡುತ್ತಿದ್ದ. ಎರಡರಲ್ಲೂ ಅವಳು ಎದುರಿಗೇ ಕೂತು ಊಟ ಮಾಡುತ್ತಿದ್ದಳು.

ಮೂರನೇ ಮಹಡಿಗೆ ಮೊದಲಿನ ತಿರುವಿನಲ್ಲಿ ನಿಂತು ಪ್ರಶ್ನೆಯನ್ನು ತಿದ್ದಿಕೊಂಡಳು. ಪ್ರಶ್ನೆಯೊಳಗೆ ಉತ್ತರ ಇರಬಾರದು. ಕೇಳುವವರಿಗೆ ಯಾವುದು ಬೇಕು ಎಂಬುದು ದನಿಯಲ್ಲಿ ತಿಳಿಯಬಾರದು. ತನಗೆ ಯಾವುದು ಬೇಕು ಎಂದು ನೋಡಿಕೊಂಡಳು. ತನಗೇ ಗೊತ್ತಿರಲಿಲ್ಲ; ದನಿಯಲ್ಲಿ ತಿಳಿಯುವ ಭಯವೇನೂ ಇರಲಿಲ್ಲ.

ನರ್ಸಮ್ಮ ಬಾಗಿಲು ತೆಗೆದರು. ಆಸ್ಪತ್ರೆಯಿಂದ ನಿವೃತ್ತರಾಗಿ ಬಹಳ ಕಾಲವಾಗಿದ್ದರೂ, ಯಾರನ್ನು ನೋಡಿದರೂ ಮೊದಲು ಕಣ್ಣಿನ ಕೆಳರೆಪ್ಪೆ ನೋಡುವ ಅಭ್ಯಾಸ ಹೋಗಿರಲಿಲ್ಲ. ಉಗುರುಗಳು ಇಂದು ನೇರಳೆ.

"ಅಯ್ಯೋ ಟೀಚರಮ್ಮ, ಇದಕ್ಕೇನು ಅವಸರ ಇತ್ತು."

"ನಿಮ್ಮದು ಅಂತ ಬರೆದಿತ್ತು."

"ಅದು ಎರಡನೇ ಮಹಡಿಯವರಿಗೋಸ್ಕರ ಬರೆದಿದ್ದು. ನಿಮಗಲ್ಲ. ಬನ್ನಿ, ಚಹಾ ಮಾಡ್ತೀನಿ."

"ಬೇಡ, ಅತ್ತೆ ಕಾಯ್ತಿದಾರೆ." ಅವಳು ಯಂತ್ರವನ್ನು ಚಪ್ಪಲಿ ಗೂಡಿನ ಪಕ್ಕ ನೆಲಕ್ಕಿಟ್ಟಳು. ತೋಳು ಹಗುರಾಗಿ ತಾವಾಗಿಯೇ ಸ್ವಲ್ಪ ಮೇಲೆ ಬಂದವು. "ಅವರು ಯಾವಾಗ ತಗೊಂಡು ಹೋಗಿದ್ರು?"

"ನಿಮ್ಮ ರಜೆ ಶುರುವಾದಾಗ ಇರಬೇಕು. ಒಂದು ಮಧ್ಯಾಹ್ನ ಬಂದ್ರು."

"ಏನಾದ್ರೂ ಹೇಳಿದ್ರಾ?"

"ನಾನೇ ಹೇಳಿದೆ. ಇದು ಕೆಟ್ಟಿದೆ ಕಣಪ್ಪ, ಒಳಗೆ ಹೊಸದಿದೆ, ಬ್ಯಾಟರಿದು, ಅದು ತಗೊಂಡು ಹೋಗು ಅಂತ. ಬೇಡವೇ ಬೇಡ ಅಂದ್ರು. ಇದೇ ಬೇಕಂತೆ."

"ಯಾಕಂತೆ?"

ಅಷ್ಟು ದೂರ ತಿದ್ದಿಕೊಂಡು ಬಂದ ಪ್ರಶ್ನೆ ಬರಿ ಮೂರಕ್ಷರವಾಗಿ ಬಿದ್ದುಹೋಯಿತು.

ನರ್ಸಮ್ಮ ಅವಳನ್ನು ವಿಚಿತ್ರವಾಗಿ ನೋಡಿದರು. "ನೀವೇ ಕೇಳಿದ್ರಂತಲ್ಲ. ಮನೆಯವಳಿಗೆ ಬೇಕು ಅಂದ್ರು."

ಕೆಳಗೆಲ್ಲೋ ಒಂದು ಕುಕ್ಕರು ಕೂಗಿ ಸುಮ್ಮನಾಯಿತು. ಕೇಳಿದ್ದಳೇ? ಕೇಳಿರಬಹುದು. ಇಂಥದ್ದೊಂದು ಕೆಟ್ಟ ಯಂತ್ರ ತರಗತಿಯಲ್ಲಿ ಕೈಗೆ ಸಿಕ್ಕಿದ್ದರೆ ಎಂದು ಯಾವತ್ತೋ ಗಂಡ ಹಿಡಿದ ಪೇಪರಿಗೆ ಹೇಳಿರಬಹುದು. ಪೇಪರಿನ ಆಚೆಯಿಂದ ಯಾರೋ ಕೇಳಿಸಿಕೊಂಡಿರಬಹುದು. ಅಥವಾ ಗಂಡ ಸುಳ್ಳು ಹೇಳಿದ್ದಾನೆ. ಗಂಡಸರು ತಮಗೆ ನಾಚಿಕೆಯಾಗುವ ವಸ್ತುಗಳನ್ನೆಲ್ಲ ಹೆಂಡತಿಗೆ ಬೇಕೆಂದೇ ಕೊಳ್ಳುವುದು. ಯಾವುದು ಎಂದು ಹೇಳಬಲ್ಲ ವ್ಯಕ್ತಿ ಇನ್ನು ಸಂದರ್ಶನಕ್ಕೆ ಸಿಗುವಂತಿರಲಿಲ್ಲ.

"ಹೌದು," ಎಂದಳು. "ನಾನೇ ಕೇಳಿದ್ದೆ."

"ಕೆಲಸ ಆಯ್ತಾ?"

"ಆಯ್ತು."

ನರ್ಸಮ್ಮ ಗೋಡೆ ಹಿಡಿದು ಮೆಲ್ಲಗೆ ಕುಕ್ಕರಗಾಲಿನಲ್ಲಿ ಕೂತರು. "ಸೊರಗಿದ್ರು ಪಾಪ," ಎಂದರು ಯಂತ್ರಕ್ಕೆ. ಆಮೇಲೆ, ತಲೆಯೆತ್ತದೆ, "ನಿಮ್ಮ ಹತ್ರ ಏನಾದ್ರೂ ಹೇಳ್ಕೊಂಡಿದ್ರಾ?"

"ಏನು?"

"ಏನಿಲ್ಲ. ಸುಮ್ಮನೆ ಕೇಳಿದೆ."

"ನಿಮ್ಮ ಹತ್ರ?"

"ನನ್ನ ಹತ್ರ ಯಾಕೆ ಹೇಳ್ತಾರೆ ಟೀಚರಮ್ಮ." ನರ್ಸಮ್ಮ ಯಂತ್ರವನ್ನು ತುಸು ವಾಲಿಸಿ, ಅದರ ಅಂಚಿನಲ್ಲಿ ಹೆಬ್ಬೆರಳಿಗೆ ಸಿಗುವ ಒಂದು ಪುಟ್ಟ ಚಕ್ರವನ್ನು ಹುಡುಕಿದರು. "ಇದೊಂದು ತಿರುಗಿಸಿದ್ರೆ ಸರಿಹೋಗತ್ತೆ, ಈಗಲೇ ಮಾಡ್ಕೊಡ್ತೀನಿ ಅಂದೆ ಅವತ್ತು. ಮುಟ್ಟಬೇಡಿ ಅಂದ್ರು. ಹಾಗೇ ಇರಬೇಕಂತೆ. ನಕ್ಕರು ಬೇರೆ."

"ನಕ್ಕರಾ?"

"ಹೂಂ."

ನೇರಳೆ ಉಗುರು ಚಕ್ರವನ್ನು ತಿರುಗಿಸತೊಡಗಿತು. ಬೇಡ, ಎನ್ನಬೇಕೆಂದು ಅವಳಿಗೆ ಅನ್ನಿಸಿತು. ಹಾಗೇ ಇರಲಿ, ಮುಂದಿನ ವಾರ ಬೇಕು ಎನ್ನಬೇಕೆಂದು. ಆದರೆ ಕೆಲಸ ಆಯಿತು ಎಂದು ಆಗಲೇ ಹೇಳಿಯಾಗಿತ್ತು. ಗಾಜಿನೊಳಗೆ ಮುಳ್ಳು ಗೊಣಗುವವರ ಹಾಗೆ ಹಿಂದಕ್ಕೆ ಸರಿಯಿತು. ಒಳಗೆ ಏನೋ ಟಕ್ಕೆಂದಿತು. ಮುಳ್ಳು ಸೊನ್ನೆಯ ನೆತ್ತಿಗೆ ಬಂದು ನಿಂತಿತು.

"ನೋಡಿ, ಇಷ್ಟೇ," ಎಂದರು ನರ್ಸಮ್ಮ. "ಹತ್ತಿ, ನೋಡೋಣ."

ಅವಳು ಚಪ್ಪಲಿ ಬಿಟ್ಟು ಹತ್ತಿದಳು. ರಬ್ಬರು ಸವೆದ ಜಾಗದಲ್ಲಿ ಎರಡೂ ಪಾದ ಸರಿಯಾಗಿ ಕೂತವು.

ಮುಳ್ಳು ಅಲ್ಲಾಡಲಿಲ್ಲ.

"ಇರಿ, ಇಳೀಬೇಡಿ," ಎಂದರು ನರ್ಸಮ್ಮ, ಗಾಜಿನ ಮೇಲೆ ಬೆರಳಲ್ಲಿ ಕುಟ್ಟುತ್ತ.

"ಏನಂದ್ರು?" ಮೆಟ್ಟಿಲ ಬುಡದಿಂದ ಅತ್ತೆಯ ದನಿ ಒಂದೊಂದೇ ಮಹಡಿ ಹತ್ತಿ ಬಂತು. "ಏನಂದ್ರು ಅವರು?"

ಅವಳು ನಿಂತೇ ಇದ್ದಳು. ಪಾದಗಳ ನಡುವೆ, ಗಾಜಿನೊಳಗೆ, ಮುಳ್ಳು ಸೊನ್ನೆಯಲ್ಲಿತ್ತು.