ಕೆಂಪು ಅಂಕಿ ಕಳೆದುಕೊಂಡ ಪಟ್ಟಿ

ನಾನು ಒಂದು ಕಪ್ಪು ಪಟ್ಟಿ. ನಾಟಿ ಬೀಜ ಉಳಿಸುವ ಹೆಂಗಸರ ಸಂಘವೊಂದರ ವೆಬ್‌ಸೈಟಿನ ನೆತ್ತಿಗೆ ಅಂಟಿಕೊಂಡಿದ್ದೇನೆ. ನೋಡಿ ಹೋಗುವ ಜನಕ್ಕೆ ನಾನು ಕಾಣುವುದಿಲ್ಲ. ಪಾಸ್‌ವರ್ಡ್ ಹಾಕಿ ಒಳಗೆ ಬಂದು ಬರೆಯುವವರಿಗೆ, ತಿದ್ದುವವರಿಗೆ ಮಾತ್ರ ಕಾಣುತ್ತೇನೆ. ನನ್ನನ್ನು ಹುಟ್ಟಿಸಿದವರು ಎಲ್ಲೆಲ್ಲಿಯವರೋ. ಅವರು ಬರೆದ ಕೋಡಿನ ಸಾಲುಗಳೇ ನನ್ನ ಮೈ. ಹುಟ್ಟುವಾಗ ಮೈತುಂಬ ಇಂಗ್ಲಿಷ್ ಬಟನ್‌ಗಳಿದ್ದವು.

ಹಾವೇರಿ ಸೀಮೆಯ ಈ ಊರಿಗೆ ನನ್ನನ್ನು ತಂದವನು ಕಂಪ್ಯೂಟರ್ ಅಂಗಡಿಯ ಮೌಲಾಲಿ. ಒಪ್ಪಿಸಿದ್ದು ಸಂಘದ ಕಾರ್ಯದರ್ಶಿ ಶಂಕ್ರವ್ವನ ಕೈಗೆ. ಆಕೆ ಮೊರದಲ್ಲಿ ಹರಳು ಆರಿಸುವ ಹಾಗೆ ಒಂದೇ ಬೆರಳಲ್ಲಿ ಅಕ್ಷರ ಆರಿಸುತ್ತಿದ್ದಳು. ಹಾಗೆ ಆರಿಸಿ ಆರಿಸಿ ಅವಳು ಬರೆದ ಮೊದಲ ಬರಹ, ಕೆಂಪುಮೂತಿ ಸಾವೆಯ ಬೀಜ ಯಾರಲ್ಲಾದರೂ ಇದ್ದರೆ ತಿಳಿಸಿ ಎಂಬುದು. ಅವಳ ತವರಿನಲ್ಲಿ ಬೆಳೆಯುತ್ತಿದ್ದ ಸಿರಿಧಾನ್ಯ ಅದು. ಏಳು ವರ್ಷ ಹುಡುಕಿದ್ದಳು, ಒಂದು ಹಿಡಿಯೂ ಸಿಕ್ಕಿರಲಿಲ್ಲ.

ಯಾರಾದರೂ ಉತ್ತರ ಬರೆದರೆ ನನ್ನ ಮೇಲೆ ಒಂದು ಕೆಂಪು ಅಂಕಿ ಮೂಡುತ್ತಿತ್ತು. ಶಂಕ್ರವ್ವ ಅದನ್ನು ಒತ್ತಿ, ಓದಿ, ಒಪ್ಪಿದರೆ ಮಾತ್ರ ಆ ಉತ್ತರ ಎಲ್ಲರಿಗೂ ಕಾಣುವುದು. ಆದರೆ ಕೆಂಪಗೆ ಕಂಡಿದ್ದೆಲ್ಲ ಯಂತ್ರ ಕೆಟ್ಟಿದ್ದರ ಗುರುತು ಎಂದು ಅವಳು ತಿಳಿದಿದ್ದಳು.

"ಮೌಲಾಲಿ, ಆ ಕೆಂಪಂದು ತಗದಬಿಡೋ ತಮ್ಮಾ. ನೋಡಿದ್ರ ಎದಿ ಝಲ್ ಅಂತೈತಿ."

ಮೌಲಾಲಿ ನಕ್ಕ. ಉತ್ತರಗಳು ಒಳಗಿನ ಪುಟದಲ್ಲಿ ಹೇಗೂ ಸಿಗುತ್ತವಲ್ಲ ಎಂದುಕೊಂಡ. ಅಂಥದೊಂದು ಪುಟ ಇರುವುದೇ ಅವಳಿಗೆ ಗೊತ್ತಿರಲಿಲ್ಲ. ಅವನು ನಾಲ್ಕು ಸಾಲು ಕೋಡು ಬರೆದ. ಅಂಕಿ ಹೋಯಿತು, ಬೇಡದ ಬಟನ್‌ಗಳೂ ಹೋದವು. 'ಹೊಸ ಬರಹ', 'ತಿದ್ದು', 'ಹೊರಗೆ ಹೋಗು' ಎಂಬ ಮೂರೇ ಕನ್ನಡ ಬಟನ್‌ಗಳು ಉಳಿದವು. ಶಂಕ್ರವ್ವ ಸಾರಿಸಿದ ಅಂಗಳದಂತಾಯಿತು ಎಂದಳು. ನಾನು ಹಿಗ್ಗಿದೆ. ಇವತ್ತಿಗೂ ಆ ಹಿಗ್ಗು ನೆನೆದರೆ ಮೈ ಹಿಡಿಯಾಗುತ್ತದೆ.

ಆಗೊಂದು ಈಗೊಂದು ಉತ್ತರ ಬಂದಿತ್ತು. ನನಗೆ ಗೊತ್ತಿತ್ತು. ತೋರಿಸಲು ಬಾಯಿ ಇರಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ಅವಳು ಬಂದು, ಯಾರೂ ಬರೆದಿಲ್ಲ ನೋಡು ಎಂದು ತನಗೆ ತಾನೇ ಹೇಳಿಕೊಂಡು ಹೋಗುವಾಗ ನಾನು ಅವಳ ಮುಖದೆದುರೇ ಇದ್ದೆ, ಅಂದವಾಗಿ, ಖಾಲಿಯಾಗಿ.

ಎರಡನೆಯ ವರ್ಷ ಮೌಲಾಲಿ ವೆಬ್‌ಸೈಟಿಗೆ ಅಪ್‌ಡೇಟ್ ಹಾಕಿದ. ಅವನು ಬರೆದಿದ್ದ ಸಾಲುಗಳು ಅದರಲ್ಲಿ ಅಳಿಸಿಹೋದವು. ಹಳೆಯ ಬಟನ್‌ಗಳ ಜೊತೆ ಅಂಕಿಯೂ ಮರಳಿತು: ಮೂರು. ಇದೇನೋ ಎಂದು ಶಂಕ್ರವ್ವ ಕೇಳಿದಳು. ಅವನು ಒತ್ತಿ ತೋರಿಸಿದ.

ಮೂರು ಉತ್ತರಗಳೂ ಒಂದೇ ಮನೆಯಿಂದ ಬಂದಿದ್ದವು. ಮೊದಲನೆಯದನ್ನು ಮುದುಕ ದ್ಯಾಮಪ್ಪ ಬರೆಸಿದ್ದ: ಕೆಂಪುಮೂತಿ ಒಂದು ಸೇರು ಉಳಿದಿದೆ, ಬಂದು ಒಯ್ಯಿರಿ. ಎರಡನೆಯದೂ ಅವನದೇ: ಮಳೆ ಬಂತು, ಬಿತ್ತಲು ನನ್ನ ಕೈಲಾಗದು, ಯಾವಾಗ ಬರುತ್ತೀರಿ. ಮೂರನೆಯದು ಸೊಸೆಯದು. ಅದನ್ನು ಶಂಕ್ರವ್ವ ಬಾಯಿಬಿಟ್ಟು ಓದಿದಳು:

"ಮಾವಾರು ತೀರಿಕೊಂಡ್ರು. ಕಡೀತನಕ ನಿಮ್ಮ ದಾರಿ ನೋಡಿದ್ರು. ನೀವು ಬರಲಿಲ್ಲ. ಆ ಸಾವಿ ಕುಟ್ಟಿ ಅವರ ತಿಥಿ ಊಟಕ್ಕ ಅನ್ನ ಮಾಡಿದ್ವಿ."

ಮೌಲಾಲಿ ನೆಲ ನೋಡಿದ. ಶಂಕ್ರವ್ವ ಸೆರಗಿನಿಂದ ಪರದೆ ಒರೆಸಿದಳು, ಧೂಳಿರಲಿಲ್ಲ.

ಮೊದಲಿನ ಎರಡಕ್ಕೆ ಅವಳು ಒಪ್ಪಿಗೆ ಒತ್ತಿದಳು. ಮೂರನೆಯದಕ್ಕೆ ಬೆರಳು ಏಳಲಿಲ್ಲ. ಅಂಕಿ ಒಂದಕ್ಕೆ ಇಳಿದು ನಿಂತಿತು.

ಈಗ ನನಗೂ ವಯಸ್ಸಾಯಿತು. ಸಂಘದ ಮಾತುಕತೆಯೆಲ್ಲ ಫೋನಿಗೆ ಹೋಗಿದೆ. ಆದರೂ ಶಂಕ್ರವ್ವ ದಿನಕ್ಕೊಮ್ಮೆ ಬಂದು ನನ್ನನ್ನು ನೋಡುತ್ತಾಳೆ. ಉಳಿದ ಆ ಒಂದು ಅಂಕಿಯನ್ನೂ ತೆಗೆದುಬಿಡಲೇ ಎಂದು ಮೌಲಾಲಿ ಒಮ್ಮೆ ಕೇಳಿದ್ದ.

"ಇರಲಿ ಬಿಡು," ಎಂದಳು. "ಕಣ್ಣಿಗೆ ಬೀಳತಿರಲಿ."

ಆ ಒಂದು ಇನ್ನೂ ನನ್ನ ಮೈಮೇಲೆ ಕೆಂಪಗಿದೆ.