ನಲವತ್ತೆರಡು ವಾರದ ಪುಸ್ತಕ

“ಈ ಸಾವಕ್ಕ ಅನ್ನಾಕಿ ಖರೇನ ಅದಾಳೇನ್ರಿ, ಇಲ್ಲಾ ನಿಮ್ಮ ಪೆನ್ನಿನಾಗ ಹುಟ್ಟ್ಯಾಳೋ?”

ಸಾಳೋಖೆ ಸಾಹೇಬರು ರಜಿಸ್ಟರಿನ ಮೇಲಿಟ್ಟ ಬೆರಳನ್ನು ಎತ್ತದೆಯೇ ಕೇಳಿದರು. ಇಚಲಕರಂಜಿಯ ಶಹಾಪುರದ ಆ ವಾಚನಾಲಯವನ್ನು ಬಸವಣ್ಣೆಪ್ಪ ಹನ್ನೊಂದು ವರ್ಷದಿಂದ ನೋಡಿಕೊಂಡು ಬಂದಿದ್ದ. ವರ್ಷಕ್ಕೊಮ್ಮೆ ಕೊಲ್ಹಾಪುರದಿಂದ ತಪಾಸಣೆಗೆ ಬರುವ ಸಾಹೇಬರಿಗೆ ಧೂಳಿಲ್ಲದ ಕಪಾಟು, ಸಾಲು ತಪ್ಪದ ಪುಸ್ತಕ, ಚಿತ್ತುಕಾಟಿಲ್ಲದ ರಜಿಸ್ಟರು ತೋರಿಸಿ ಶಾಬಾಸ್ ಅನ್ನಿಸಿಕೊಂಡವನು. ಸುಳ್ಳು ಬರೆದಿದ್ದೀಯಾ ಎಂದು ಇದುವರೆಗೆ ಅವನನ್ನು ಯಾರೂ ಕೇಳಿರಲಿಲ್ಲ.

“ಅದಾಳ್ರಿ ಸಾಹೇಬ್ರ. ವಾರಕ್ಕೊಮ್ಮೆ, ಮಗ್ಗದ ಸೂಟಿ ದಿನ ತಪ್ಪದ ಬರ್ತಾಳ್ರಿ. ಇಲ್ಲೇ ನೋಡ್ರಿ, ಹೆಬ್ಬಟ್ಟು ಐತಿ.”

“ಅದನ್ನ ನಾ ಕೇಳಾಕತ್ತಿದ್ದು. ಹೆಬ್ಬಟ್ಟು ಒತ್ತಾಕಿ ಐದನೂರು ಪಾನಿನ ಕಾದಂಬರಿ ಒಯ್ತಾಳ. ಒಂದಲ್ಲ ಎರಡಲ್ಲ, ನಲವತ್ತೆರಡು ವಾರ ತಿರುಗಿ ತಿರುಗಿ ಅದನ್ನ ಬರಸ್ತಾಳ. ಏನ್ ಮಾಡ್ತಾಳ್ರಿ ಅದನ್ನ? ಉಪ್ಪಿನಕಾಯಿ ಹಾಕ್ಯಾಳೇನು?”

ಸಾಹೇಬರು ಕೆಟ್ಟವರಲ್ಲ. ಗಡಹಿಂಗ್ಲಜದ ಕಡೆಯ ಹಳ್ಳಿಗಳಲ್ಲಿ ಹತ್ತು ವರ್ಷ ಮಾಸ್ತರಿಕೆ ಮಾಡಿದವರು, ಕನ್ನಡವನ್ನು ಅಲ್ಲಿಯೇ ಕಲಿತವರು. ಆದರೆ ಅವರ ಲೆಕ್ಕ ನೇರ. ವಾಚನಾಲಯದಲ್ಲಿ ಐದು ಕಪಾಟು. ಅದರಲ್ಲಿ ಒಂದು ಕನ್ನಡದ್ದು, ಮುನ್ನೂರು ಪುಸ್ತಕದ್ದು. ಕಳೆದ ವರ್ಷ ಆ ಮುನ್ನೂರರಲ್ಲಿ ಜಾಗ ಬಿಟ್ಟು ಕದಲಿದ್ದು ಒಂದೇ ಒಂದು. ಅತ್ತ ಮಕ್ಕಳ ಮರಾಠಿ ಪುಸ್ತಕಗಳು ಜಾಗವಿಲ್ಲದೆ ಕಿಟಕಿಯ ಕಟ್ಟೆಯ ಮೇಲೆ ಬಿಸಿಲು ತಿನ್ನುತ್ತಿದ್ದವು. ರಜಿಸ್ಟರಿನಲ್ಲಿ ಆ ಒಂದು ಪುಸ್ತಕದ ನಮೂದೂ ಸುಳ್ಳೆಂದಾದರೆ ಕನ್ನಡದ ಕಪಾಟು ಖಾಲಿ ಮಾಡಿ, ಪುಸ್ತಕಗಳನ್ನು ಚೀಲಕ್ಕೆ ತುಂಬಿ ಕೊಲ್ಹಾಪುರದ ಗೋದಾಮಿಗೆ ಕಳಿಸಬೇಕು. ಸಂಜೆಯ ಮೋಟಾರು ಹತ್ತುವ ಮೊದಲು ಇಷ್ಟನ್ನು ಬರೆದಿಟ್ಟೇ ಹೋಗುವುದಾಗಿ ಸಾಹೇಬರು ಹೇಳಿದರು.

ಬಸವಣ್ಣೆಪ್ಪ ಆ ಕಪಾಟಿನ ಕಡೆ ನೋಡಿದ. ಅದರಲ್ಲಿದ್ದ ಪುಸ್ತಕಗಳು ಅವನ ತಂದೆಯವು. ಗಡಹಿಂಗ್ಲಜದಲ್ಲಿ ಬೆಲ್ಲದ ಅಡತಿ ಅಂಗಡಿ ಇಟ್ಟಿದ್ದ ಅಲ್ಲಪ್ಪ ಶೆಟ್ಟರು, ಮಗ್ಗ ನೇಯಲು ಕನ್ನಡ ನಾಡಿನಿಂದ ಬಂದವರು ಓದಲಿ ಎಂದು, ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ ಬೆಲ್ಲದ ಗಾಡಿಯಲ್ಲಿ ಹೇರಿ ಇಲ್ಲಿಗೆ ಕಳಿಸಿದ್ದರು. ಇವತ್ತಿಗೂ ಆ ಪುಸ್ತಕ ಬಿಡಿಸಿದರೆ ಬೆಲ್ಲದ ವಾಸನೆ. ಇರುವೆ ಹತ್ತಬಾರದೆಂದು ಕಪಾಟಿನ ನಾಲ್ಕೂ ಕಾಲಿಗೆ ಬಸವಣ್ಣೆಪ್ಪ ದಿನಾ ಬೆಳಿಗ್ಗೆ ನೀರಿನ ಬಟ್ಟಲು ತುಂಬಿಸಿ ಇಡುತ್ತಿದ್ದ. ದೇವರಿಗೆ ನೀರು ತಪ್ಪಿದರೂ ಆ ಬಟ್ಟಲಿಗೆ ತಪ್ಪುತ್ತಿರಲಿಲ್ಲ.

ಸಾವಕ್ಕ ಏನು ಮಾಡುತ್ತಾಳೆ ಎಂದು ಅವನೂ ಒಮ್ಮೆಯೂ ಕೇಳಿರಲಿಲ್ಲ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಪುಸ್ತಕವನ್ನು ಮೇಜಿನ ಮೇಲಿಟ್ಟು, ಗಂಟು ಬಿಚ್ಚದೆಯೇ ಹೆಬ್ಬೆರಳು ಚಾಚುತ್ತಿದ್ದಳು. ದೇವರ ಜಗಲಿಯ ಮೇಲಿಟ್ಟು ಕುಂಕುಮ ಏರಿಸುತ್ತಿರಬೇಕು ಎಂದು ಅವನು ತನ್ನಷ್ಟಕ್ಕೆ ತಾನೇ ತಿಳಿದುಕೊಂಡಿದ್ದ. ಕೇಳದಿರಲು ಇನ್ನೊಂದು ಕಾರಣವೂ ಇತ್ತು. ಕೇಳಿದರೆ ಆಕೆ ಉತ್ತರ ಹೇಳುತ್ತಾಳೆ, ಹೇಳಿದರೆ ಓಣಿಯ ಆ ತುದಿಗೂ ಕೇಳಿಸುತ್ತದೆ. ಮಗ್ಗದವರ ಮಾತೇ ಹಾಗೆ. ಹಗಲೆಲ್ಲ ಆ ಗದ್ದಲದಲ್ಲಿ ನಿಂತು ಕಿವಿ ಮಂದವಾಗಿ, ಹೊರಗೆ ಬಂದರೂ ಮೆಲ್ಲಗೆ ಮಾತಾಡುವುದು ಅವರಿಗೆ ಆಗುವುದಿಲ್ಲ. ಬಸವಣ್ಣೆಪ್ಪನಿಗೋ ವಾಚನಾಲಯದಲ್ಲಿ ಪಾನು ತಿರುವುವ ಸಪ್ಪಳವೂ ಹೆಚ್ಚು. ಬಾಗಿಲ ಎದುರಿಗೇ ಮರಾಠಿ, ಕನ್ನಡ ಎರಡರಲ್ಲೂ ‘ಶಾಂತತೆ’ ಎಂಬ ಬೋರ್ಡನ್ನು ತಾನೇ ಬಣ್ಣ ತಂದು ಬರೆದು ತೂಗುಹಾಕಿದ್ದ.

ಆ ಬೋರ್ಡಿನ ಕೆಳಗೇ ಎರಡು ವರ್ಷದ ಹಿಂದೆ ಭರಮಪ್ಪನೆಂಬ ಮುದುಕನೊಬ್ಬ ನಿಂತು ಪುಸ್ತಕ ಕೇಳಿದ್ದ. ಕೇಳಿದ್ದಲ್ಲ, ಹೊಲದಲ್ಲಿ ಎತ್ತು ಕರೆದಂತೆ ಕೂಗಿದ್ದ. ಬಸವಣ್ಣೆಪ್ಪ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಮುದುಕ ನಕ್ಕು ಮತ್ತೆ ಕೂಗಿದ. ಮೂರನೆಯ ಸಲಕ್ಕೆ ಸಿಟ್ಟು ನೆತ್ತಿಗೇರಿದ ಬಸವಣ್ಣೆಪ್ಪ, ಮುದುಕನ ವಾಚನಾಲಯದ ಕಾರ್ಡು ಕಸಿದುಕೊಂಡು ಮೇಜಿನ ಖಾನೆಗೆ ಹಾಕಿ ಬಾಗಿಲು ತೋರಿಸಿದ್ದ. ಅಂದಿನಿಂದ ಬೇರೆ ಮಗ್ಗದವರೂ ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ವಾಚನಾಲಯ ತಣ್ಣಗಾಯಿತು ಎಂದು ಆಗ ಅವನಿಗೆ ಒಳಗೊಳಗೇ ಸಮಾಧಾನವಾಗಿತ್ತು.

“ನಡೀರಿ,” ಸಾಹೇಬರು ಟೋಪಿ ಹಾಕಿಕೊಂಡು ಎದ್ದರು. “ಆಕೀನ್ನೂ ನೋಡೂಣು, ಪುಸ್ತಕಾನೂ ನೋಡೂಣು.”

ಸಾವಕ್ಕ ದುಡಿಯುವ ಮಗ್ಗದ ಕಾರಖಾನೆ ಹೆಚ್ಚು ದೂರವಿರಲಿಲ್ಲ. ತಗಡಿನ ಮಾಡಿನ ಉದ್ದನೆಯ ಶೆಡ್ಡು. ಓಣಿ ತಿರುಗುತ್ತಿದ್ದಂತೆ ಅದರ ಸದ್ದು ಮೊದಲು ಕಾಲಿಗೆ ತಗಲಿ, ಆಮೇಲೆ ಕಿವಿಗೆ ಬಂತು. ಬಾಗಿಲ ಹತ್ತಿರ ಸಾಲಾಗಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದ ಹೆಂಗಸರಲ್ಲಿ ಸಾವಕ್ಕ ಕಂಡಳು. ಬಸವಣ್ಣೆಪ್ಪನನ್ನು ನೋಡಿದ್ದೇ ಆಕೆಯ ಮುಖದ ಬಣ್ಣ ಇಳಿಯಿತು. ಕೈಯಲ್ಲಿದ್ದ ಕಂಡಿಕೆ ಜಾರಿ ಉರುಳಿತು.

“ಪುಸ್ತಕ ಎಲ್ಲೈತಿ ಬೇ?” ಬಸವಣ್ಣೆಪ್ಪ ಕೇಳಿದ. ತನ್ನ ದನಿ ತನಗೇ ಕೇಳಿಸಲಿಲ್ಲ. ಸಾವಕ್ಕನಿಗೆ ಮಾತ್ರ ತಿಳಿಯಿತು. ಆಕೆ ಅವನ ಬಾಯಿಯನ್ನೇ ನೋಡುತ್ತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು, ಒಳಗೆ ಬನ್ನಿ ಎಂದು ಕೈ ಮಾಡಿದಳು.

ಒಳಗೆ ಕಾಲಿಟ್ಟರೆ ಎದೆಯ ಗೂಡೇ ನಡುಗುತ್ತಿತ್ತು. ಎರಡು ಕಡೆ ಸಾಲು ಸಾಲು ಕರೆಂಟಿನ ಮಗ್ಗ, ಗಾಳಿಯಲ್ಲಿ ಹತ್ತಿಯ ಧೂಳು, ಲಾಳಿಗಳು ಅತ್ತಿಂದಿತ್ತ ಬಡಿಯುವ ಸದ್ದು. ಮೂವತ್ತಕ್ಕೂ ಹೆಚ್ಚು ಜನ ತಮ್ಮ ತಮ್ಮ ಮಗ್ಗದ ಮುಂದೆ ನಿಂತಿದ್ದರು. ಶೆಡ್ಡಿನ ನಡುಮಧ್ಯೆ, ಗೋಡೆಯ ಎತ್ತರದ ಕಿಟಕಿಯಿಂದ ಬಿಸಿಲು ಬೀಳುವ ಜಾಗದಲ್ಲಿ, ಒಂದು ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಭರಮಪ್ಪ ನಿಂತಿದ್ದ. ಕಾಲ ಹತ್ತಿರ ಮಗ್ಗಕ್ಕೆ ಬಿಡುವ ಎಣ್ಣೆಯ ಡಬ್ಬಿ. ಕೈಯಲ್ಲಿ ಪುಸ್ತಕ. ಅವನ ಬಾಯಿ ಅಲುಗಾಡುತ್ತಿತ್ತು, ದನಿ ಇರಲಿಲ್ಲ. ದನಿ ಇದ್ದರೂ ಆ ಗದ್ದಲದಲ್ಲಿ ಯಾರಿಗೆ ಕೇಳಿಸಬೇಕು?

ಮುದುಕನಿಗೆ ತಲೆ ಕೆಟ್ಟಿದೆ ಎಂದುಕೊಂಡ ಬಸವಣ್ಣೆಪ್ಪ. ಅಷ್ಟರಲ್ಲಿ ಶೆಡ್ಡಿನ ಈ ತುದಿಯಿಂದ ಆ ತುದಿಯವರೆಗೆ ಎಲ್ಲರೂ ಒಮ್ಮೆಗೇ ನಕ್ಕರು.

ಅವನು ಬೆಚ್ಚಿ ನಿಂತ. ನೇಯುವವರ ನೋಟ ಮಗ್ಗದಿಂದ ಎದ್ದು ಮುದುಕನ ತುಟಿಯ ಮೇಲೆ, ಮತ್ತೆ ನೂಲಿನ ಮೇಲೆ, ಮತ್ತೆ ತುಟಿಯ ಮೇಲೆ. ಎಲ್ಲರ ಕಣ್ಣೂ ಹಾಗೆಯೇ ಓಡಾಡುತ್ತಿದ್ದವು. ಮುದುಕ ಒಂದೊಂದು ಶಬ್ದವನ್ನೂ ತುಟಿಯಿಂದ ಬಿಡಿಸಿ ಬಿಡಿಸಿ ಇಡುತ್ತಿದ್ದ. ಹುಬ್ಬು ಏರಿದರೆ ಪ್ರಶ್ನೆ, ಗದ್ದ ಇಳಿದರೆ ದುಃಖ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿ, ಅದೇ ಸಾಲನ್ನು ಎರಡೂ ಕಡೆಯವರಿಗೆ ಹೇಳುತ್ತಿದ್ದ.

ಸಾವಕ್ಕ ಬಸವಣ್ಣೆಪ್ಪನ ಕಿವಿಗೆ ಬಾಯಿ ಹಚ್ಚಿ ಕೂಗಿದಳು. “ನಾವಿಲ್ಲಿ ತುಟಿ ನೋಡೇ ಮಾತಾಡೂದ್ರಿ! ಮೊದಲ ಬರೇ ಸುಖ ದುಃಖ ಮಾತಾಡ್ತಿದ್ದಿವಿ! ಕಾಕಾ ಪುಸ್ತಕಾ ಓದಾಕ ಸುರು ಮಾಡಿದ್ರು! ನೀವು ಅವರ್ನ ಹೊರಗ ಹಾಕಿದ್ರಲ್ಲಾ, ಅದಕ್ಕ ನನ್ನ ಹೆಬ್ಬಟ್ಟಿನ ಮ್ಯಾಲ ತರಸ್ತಾರ್ರಿ!”

ಬಲಗಡೆ ಸಾಲಿನಲ್ಲಿ ಒಬ್ಬ ಹುರಿಮೀಸೆಯವನು ಕೈಯೆತ್ತಿದ. ಮುದುಕ ಅಲ್ಲಿಗೇ ನಿಲ್ಲಿಸಿ, ಓದುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟುಕೊಂಡ. ಮುದುಕನ ಆ ಕೈಗೆ ಎರಡು ಬೆರಳು ಇರಲಿಲ್ಲ.

“ಎಳಿ ಹರದೈತ್ರಿ ಆಂವಂದು!” ಸಾವಕ್ಕ ಕೂಗಿದಳು. “ಗಂಟ ಹಾಕೂತನಾ ಎಲ್ಲಾರೂ ಕಾಯ್ತಾರ! ಒಬ್ಬಾಂವಗೂ ಕತಿ ತಪ್ಪಬಾರದಲ್ರಿ!”

ಮೀಸೆಯವನು ಬಗ್ಗಿ, ಹರಿದ ಎಳೆಯ ತುದಿ ಹುಡುಕಿ, ಗಂಟು ಹಾಕಿ, ಮಗ್ಗ ಹಚ್ಚಿದ. ತಲೆಯೆತ್ತಿ ಹೂಂ ಎಂದ. ಮುದುಕ ಬೆರಳು ತೆಗೆದು ಮುಂದಿನ ಶಬ್ದ ಎತ್ತಿಕೊಂಡ. ಅರ್ಧ ಪಾನು ದಾಟುವಷ್ಟರಲ್ಲಿ ಇನ್ನೊಬ್ಬನ ಕೈ ಮೇಲೆದ್ದಿತು. ಕತೆ ಮತ್ತೆ ನಿಂತಿತು. ತಾಸಿಗೊಮ್ಮೆ ಎಣ್ಣೆ ಬಿಡಲು ಹೋಗುವ ಕೆಲಸ ಮುದುಕನಿಗೆ ಬೇರೆ. ಸಾಹೇಬರು ಯಾವಾಗಲೋ ಗಡಿಯಾರ ಹೊರಗೆ ತೆಗೆದಿದ್ದರು. ನೋಡುತ್ತ ನೋಡುತ್ತ, ಅದನ್ನು ಮುಚ್ಚದೆಯೇ ಜೇಬಿಗೆ ಇಳಿಬಿಟ್ಟರು.

ನಲವತ್ತೆರಡು ವಾರ ಏಕೆ ಬೇಕಾಯಿತು ಎಂಬುದು ಬಸವಣ್ಣೆಪ್ಪನಿಗೆ ಈಗ ಹೊಳೆಯಿತು. ಹನ್ನೊಂದು ವರ್ಷದಲ್ಲಿ ಅವನು ಸಾವಿರಾರು ಪುಸ್ತಕ ಕೊಟ್ಟಿದ್ದ, ತಿರುಗಿ ಪಡೆದಿದ್ದ, ಅಂಟು ಹಚ್ಚಿದ್ದ, ಬಿಸಿಲಿಗೆ ಒಣಗಿಸಿದ್ದ. ಒಂದು ಪುಸ್ತಕವನ್ನು ಇಷ್ಟು ಜನ, ಇಷ್ಟು ಜತನದಿಂದ, ಒಬ್ಬರಿಗೊಬ್ಬರು ಕಾಯುತ್ತ ಓದಿದ್ದನ್ನು ಅವನು ಕಂಡಿರಲಿಲ್ಲ. ಪ್ರಪಂಚದ ಗದ್ದಲವೆಲ್ಲ ಒಂದೇ ಮಾಡಿನ ಕೆಳಗೆ ಬಂದು ಕೂತಂತಿದ್ದ ಆ ಜಾಗದಲ್ಲಿ, ತಾನು ಬಣ್ಣ ತಂದು ಬೋರ್ಡು ಬರೆದು ಹುಡುಕುತ್ತಿದ್ದ ಶಾಂತತೆ ಇತ್ತು. ಅದನ್ನು ಇಟ್ಟುಕೊಂಡವನು ತಾನು ಹೊರದಬ್ಬಿದ ಮುದುಕ. ಬಸವಣ್ಣೆಪ್ಪನಿಗೆ ಚಪ್ಪಲಿ ಬಿಚ್ಚಿ ನಿಲ್ಲಬೇಕು ಅನ್ನಿಸಿತು.

ಆಗ ಭರಮಪ್ಪ ಅವನನ್ನು ನೋಡಿದ. ತುಟಿ ನಿಂತಿತು. ಪುಸ್ತಕವನ್ನು ಫಕ್ಕನೆ ಮುಚ್ಚಿ ಎದೆಗೆ ಒತ್ತಿಕೊಂಡ. ಕಾರ್ಡು ಕಸಿದುಕೊಂಡವನು ಪುಸ್ತಕವನ್ನೂ ಕಸಿದುಕೊಳ್ಳಲು ಬಂದಿದ್ದಾನೆ! ಮೂವತ್ತೂ ಚಿಲ್ಲರೆ ಮುಖಗಳು ಬಾಗಿಲಿನತ್ತ ತಿರುಗಿದವು. ಮಗ್ಗಗಳು ತಮ್ಮ ಪಾಡಿಗೆ ತಾವು ಬಡಿಯುತ್ತಿದ್ದವು.

ಬಸವಣ್ಣೆಪ್ಪ ಬಾಯಿ ತೆರೆದ. ಏನೆಂದರೂ ಕೇಳಿಸುವುದಿಲ್ಲ ಎಂಬುದು ಅಷ್ಟರಲ್ಲಿ ನೆನಪಾಗಿ, ತುಟಿಯನ್ನು ಅಗಲಿಸಿ, ನಿಧಾನವಾಗಿ, ಮಕ್ಕಳಿಗೆ ಅಕ್ಷರ ಹೇಳಿಕೊಡುವವನಂತೆ ಅಲುಗಿಸಿದ.

ಓದ್ರಿ.

ಮುದುಕ ನಂಬದೆ ಸಾವಕ್ಕನ ಕಡೆ ನೋಡಿದ. ಆಕೆ ಗೋಣು ಹಾಕಿದಳು. ಪುಸ್ತಕ ಎದೆಯಿಂದ ಮೆಲ್ಲಗೆ ಇಳಿಯಿತು.

ಇಬ್ಬರೂ ವಾಚನಾಲಯಕ್ಕೆ ತಿರುಗಿ ಬಂದರು. ಕುರ್ಚಿಯಲ್ಲಿ ಕೂತ ಮೇಲೆ ಸಾಹೇಬರು ರಜಿಸ್ಟರು ಎಳೆದುಕೊಂಡು, ಕನ್ನಡ ಓದುಗರ ಕಾಲಮಿನಲ್ಲಿ ಬೆಳಿಗ್ಗೆ ತಾವೇ ಬರೆದಿದ್ದ ‘ಒಬ್ಬರು’ ಎಂಬುದನ್ನು ಹೊಡೆದುಹಾಕಿದರು. ಅದರ ಪಕ್ಕಕ್ಕೆ ‘ಎಣಿಸುವುದು ಸಾಧ್ಯವಾಗಲಿಲ್ಲ’ ಎಂದು ಬರೆದರು. ಕೆಳಗೆ, ಕಪಾಟು ಇದ್ದಲ್ಲಿಯೇ ಇರತಕ್ಕದ್ದು ಎಂದು ಬರೆದು ಸಹಿ ಹಾಕಿದರು. ಚಿತ್ತುಕಾಟಿಲ್ಲದ ಆ ರಜಿಸ್ಟರಿನಲ್ಲಿ ಅದೊಂದೇ ಚಿತ್ತು.

“ಮಾಸ್ತರಿಕಿ ಮಾಡಿದಾಂವ ಅದೀನಿ ನಾ,” ಎಂದರು ಎದ್ದು ನಿಂತು. “ಒಬ್ಬ ಹುಡುಗನ ಎಳಿ ಹರೀತಂತ ಒಂದಿನಾನೂ ಪಾಠ ನಿಲ್ಲಿಸಿದಾಂವಲ್ಲ, ಬಸವಣ್ಣೆಪ್ಪ.”

ಬಸವಣ್ಣೆಪ್ಪ ಖಾನೆ ಎಳೆದು ಭರಮಪ್ಪನ ಕಾರ್ಡು ಹುಡುಕಿದ. ಮೂಲೆಯಲ್ಲಿ ಎಣ್ಣೆಯ ಬೆರಳಿನ ಗುರುತು ಇನ್ನೂ ಹಾಗೆಯೇ ಇತ್ತು. ಮರುದಿನವೇ ಅದನ್ನು ತಾನೇ ಒಯ್ದು ಕಾರಖಾನೆಯ ಬಾಗಿಲಲ್ಲಿ ಸಾವಕ್ಕನ ಕೈಗೆ ಕೊಟ್ಟು ಬಂದ.

ಮೂರು ವಾರ ಕಳೆದು, ಸೂಟಿಯ ದಿನ, ಮುಂಜಾನೆ ಪೇಪರು ಓದುವವರಿಂದ ವಾಚನಾಲಯ ತುಂಬಿದ್ದಾಗ ಭರಮಪ್ಪ ಬಂದ. ತಿಕ್ಕಿ ತಿಕ್ಕಿ ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಹಿಂದೆ ಸಾವಕ್ಕ, ಆಕೆಯ ಹಿಂದೆ ಹುರಿಮೀಸೆಯವನು, ಅವನ ಹಿಂದೆ ಇನ್ನೂ ಐದಾರು ಜನ. ಮುದುಕ ಸೀರೆಯ ತುಂಡು ಬಿಚ್ಚಿ ಪುಸ್ತಕವನ್ನು ಮೇಜಿನ ಮೇಲಿಟ್ಟ. ಬೆಲ್ಲದ ವಾಸನೆಯ ಜೊತೆ ಮಗ್ಗದ ಎಣ್ಣೆಯ ವಾಸನೆ ಸೇರಿಕೊಂಡಿತ್ತು.

“ಮುಗೀತ್ರಿ!” ಎಂದು ಭರಮಪ್ಪ ಕೂಗಿದ. ಕಿಟಕಿಯ ಗಾಜು ನಡುಗಿತು. “ಇನ್ನ ಮುಂದ ಯಾವದ ಒಯ್ಯೂದ್ರಿ!”

ಪೇಪರುಗಳು ಸರಕ್ಕನೆ ಕೆಳಗಿಳಿದವು. ಓದುತ್ತಿದ್ದವರೆಲ್ಲ ಬೋರ್ಡಿನ ಕಡೆ ನೋಡಿ, ಆಮೇಲೆ ಬಸವಣ್ಣೆಪ್ಪನ ಕಡೆ ನೋಡಿ ಕಾದರು. ಹನ್ನೊಂದು ವರ್ಷದ ರೂಢಿ. ಅವನ ಬೆರಳು ತಾನಾಗಿಯೇ ಎದ್ದು ತುಟಿಯ ಮೇಲೆ ಬಂದು ನಿಂತಿತು. ಭರಮಪ್ಪನ ನಗು ಅರ್ಧಕ್ಕೆ ನಿಂತಿತು.

ಬಸವಣ್ಣೆಪ್ಪ ಬೆರಳು ತೆಗೆದ. ದನಿ ಇಲ್ಲದೆ, ಒಂದೊಂದೇ ಅಕ್ಷರ ಬಿಡಿಸಿ, ತುಟಿ ಅಲುಗಿಸಿದ.

ನಿಮಗ ಬೇಕಾದ್ದು.

ಪೇಪರು ಓದುವವರಲ್ಲಿ ಯಾರಿಗೂ ತಿಳಿಯಲಿಲ್ಲ. ಭರಮಪ್ಪ ಹೂಂ ಎಂದು ಗೋಣು ಹಾಕಿ, ನೀರಿನ ಬಟ್ಟಲಿಗೆ ಕಾಲು ತಗಲದಂತೆ ನಿಂತು, ಕನ್ನಡದ ಕಪಾಟಿನ ಬಾಗಿಲು ತೆರೆದ.