ಹಿಂಬಾಗಿಲಿಗೆ ಅರವತ್ತು ಪದ

ಹಳೆಯ ಬಟ್ಟೆ ಗಿರಣಿಯನ್ನು ಪಾರಂಪರಿಕ ತಾಣವೆಂದು ಘೋಷಿಸಿ ಎರಡು ವರ್ಷವಾಗಿತ್ತು. ಬಂದವರಿಗೆ ಎಲ್ಲಿ ಏನು ಹೇಳಬೇಕು, ಹೇಗೆ ಹೇಳಬೇಕು ಎಂಬ ಯೋಜನೆ ಬರೆಯುವ ಕೆಲಸ ಅವಳದು. ಒಂದು ಫಲಕಕ್ಕೆ ಅರವತ್ತು ಪದ, ಪ್ರತಿ ವಾಕ್ಯಕ್ಕೂ ಎರಡು ಪುರಾವೆ. ನಿಯಮ ಮಾಡಿದವಳೂ ಅವಳೇ. ಕಚೇರಿಯವರು ಬೆನ್ನ ಹಿಂದೆ ‘ಪುರಾವೆಯಮ್ಮ’ ಎನ್ನುತ್ತಿದ್ದರು.

ಹದಿಮೂರು ಫಲಕ ಮುಗಿದಿದ್ದವು. ಉಳಿದದ್ದು ಹಿಂಬಾಗಿಲಿನದು. ಐವತ್ತೆಂಟು ವರ್ಷದ ಹಿಂದೆ ಗಿರಣಿಗೆ ಬೆಂಕಿ ಬಿದ್ದಾಗ ಹನ್ನೊಂದು ಜನ ಸತ್ತದ್ದು ಆ ಬಾಗಿಲ ಒಳಮಗ್ಗುಲಲ್ಲಿ. ಹೊರಗಿನಿಂದ ಬೀಗ ಹಾಕಿತ್ತು ಎಂದು ವಿಚಾರಣಾ ವರದಿ ಹೇಳುತ್ತದೆ. ಅದು ಒಂದು ಪುರಾವೆ.

“ಎರಡನೆಯದು?” ಸಮಿತಿಯ ಅಧ್ಯಕ್ಷರು ಬೆಳಿಗ್ಗೆ ಕೇಳಿದ್ದರು. “ನಿಮ್ಮ ತಾಯಿಯವರು ಬಾಯಿ ಬಿಡ್ತಾರಾ? ಐದು ಗಂಟೆಗೆ ಯೋಜನೆ ಹೋಗಬೇಕು. ಇಲ್ಲಾಂದ್ರೆ ಆ ವಾಕ್ಯ ತೆಗೀರಿ. ನಿಮ್ಮದೇ ನಿಯಮ, ಆಮೇಲೆ ನಮ್ಮನ್ನ ಬೈಬೇಡಿ.”

ಬೀಗ ಹಾಕಿದ ಕಾವಲುಗಾರ ಅಮ್ಮನ ಅಪ್ಪ. ಅಂದು ಮಧ್ಯಾಹ್ನ ಅವನಿಗೆ ಊಟ ಒಯ್ದಿದ್ದ ಒಂಬತ್ತು ವರ್ಷದ ಅಮ್ಮ ಅದನ್ನು ಕಣ್ಣಾರೆ ಕಂಡಿದ್ದಳು. ಮನೆಯಲ್ಲಿ ಯಾರಾದರೂ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು.

ಮೂರೂವರೆಗೆ ಮಗಳು ಅಡುಗೆಮನೆಯ ಮೇಜಿನ ಮೇಲೆ ಹೇಳಿಕೆಯ ಹಾಳೆ ಇಟ್ಟಳು. ಅಮ್ಮ ಹುರುಳಿಕಾಯಿ ಹೆಚ್ಚುತ್ತಿದ್ದಳು.

“ಸತ್ತ ಅಜ್ಜನ ಮಾನ ಕಳೆಯೋಕೆ ಸಂಬಳ ಕೊಡ್ತಾರಾ ನಿಂಗೆ?”

“ಅಜ್ಜನ ಹೆಸರು ಬರೆಯಲ್ಲ ಅಮ್ಮ. ಬೀಗ ಹಾಕಿತ್ತು, ಅಷ್ಟೇ.”

“ಬೀಗ ತಾನಾಗೇ ಹಾಕ್ಕೊಳ್ತಾ? ಓದಿದವರು ಯಾರು ಹಾಕಿದ್ದು ಅಂತ ಕೇಳಲ್ವಾ?”

ಅಮ್ಮ ಚಾಕು ಕೆಳಗಿಟ್ಟಳು.

“ಬರಿ. ಮೇಸ್ತ್ರಿ ಬೀಗ ತಂದು ಕೊಟ್ಟ. ನೂಲು ಕದೀತಾರೆ, ಹಾಕು ಅಂದ. ಒಳಗೆ ಜನ ಇದಾರಲ್ಲ ಸ್ವಾಮಿ ಅಂತ ಅಪ್ಪ ಎರಡು ಸಲ ಅಂದ. ಹಾಕದಿದ್ರೆ ನಾಳೆಯಿಂದ ಬರಬೇಡ ಅಂದ ಮೇಸ್ತ್ರಿ. ಅಪ್ಪ ಹಾಕಿದ. ಬೀಗದಕೈ ಮೇಸ್ತ್ರಿ ಜೇಬಿಗೆ ಹಾಕ್ಕೊಂಡು ಹೋದ. ಎಲ್ಲಾ ಬರಿ, ರುಜು ಹಾಕ್ತೀನಿ.”

ಮಗಳ ಪೆನ್ನು ನಿಂತಿತು. ಮೇಸ್ತ್ರಿಯ ಮಾತಿಗೆ ಅಮ್ಮ ಒಬ್ಬಳೇ ಸಾಕ್ಷಿ. ‘ನನಗೇನೂ ಗೊತ್ತಿಲ್ಲ’ ಎಂದು ಅವನು ವಿಚಾರಣೆಯಲ್ಲಿ ಕೈ ತೊಳೆದುಕೊಂಡಿದ್ದ.

“ಇದು ಫಲಕಕ್ಕೆ ಬರಲ್ಲ. ಒಂದೇ ಪುರಾವೆ.”

“ಬೀಗಕ್ಕೆ ನನ್ನ ಮಾತು ಬೇಕು, ಮೇಸ್ತ್ರಿಗೆ ಬೇಡ. ಭೇಷ್!” ಅಮ್ಮ ಹಾಳೆಯನ್ನು ಆಚೆ ತಳ್ಳಿದಳು. “ಹಾಗಾದ್ರೆ ಎರಡೂ ಬೇಡ. ಹೋಗು, ನಿನ್ನ ಐದು ಗಂಟೆ ನೋಡ್ಕೋ.”

ಗಂಟೆ ನಾಲ್ಕೂಕಾಲು. ಒಂದು ವಾಕ್ಯಕ್ಕೆ ನಿಯಮ ಸಡಿಲಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮೇಸ್ತ್ರಿಯ ಮೊಮ್ಮಕ್ಕಳು ಬಂದು, ನಿಮ್ಮಜ್ಜನನ್ನ ಉಳಿಸಿಕೊಳ್ಳೋಕೆ ಬರೆದ್ರಿ ಅಂದರೆ? ಉಳಿದ ಹದಿಮೂರು ಫಲಕಗಳನ್ನು ಯಾರು ನಂಬುತ್ತಾರೆ? ಅವಳು ಯೋಜನೆಯ ಪುಟ ತೆರೆದಳು. ಹಿಂಬಾಗಿಲಿನ ಸಾಲಿನಲ್ಲಿ ‘ಫಲಕ’ ಎಂದಿದ್ದುದರ ಕೆಳಗೆ ‘ಧ್ವನಿ’ ಎಂದು ಬರೆದಳು.

“ಅಮ್ಮ, ಬೀಗದ ವಾಕ್ಯ ಫಲಕದಲ್ಲಿರಲಿ. ಉಳಿದದ್ದು ನಿನ್ನ ಬಾಯಲ್ಲೇ ಬರಲಿ. ನೀನು ಕಂಡದ್ದನ್ನ ನಿನ್ನ ಹೆಸರಲ್ಲಿ ಹೇಳೋಕೆ ಎರಡನೆಯವರು ಬೇಕಿಲ್ಲ. ಆದ್ರೆ ಯಾರ ಮಗಳು ಅಂತಾನೂ ಹೇಳಬೇಕು. ಬಾಗಿಲ ಹತ್ತಿರ ಬಟನ್ ಒತ್ತಿದವರೆಲ್ಲ ಕೇಳ್ತಾರೆ. ಸತ್ತವರ ಮನೆಯವರೂ.”

ಫೋನು ಹೊಡೆದುಕೊಂಡಿತು. ಅಧ್ಯಕ್ಷರು. ಮಗಳು ಕರೆ ಕತ್ತರಿಸಿದಳು. ಅಮ್ಮ ಹೆಚ್ಚಿದ ಹುರುಳಿಕಾಯನ್ನೇ ನೋಡುತ್ತಿದ್ದಳು.

“ತಪ್ಪಿದ್ರೆ ಮತ್ತೆ ಹೇಳಬಹುದಾ?”

“ಎಷ್ಟು ಸಲ ಬೇಕಾದ್ರೂ.” ಮಗಳು ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಮೇಜಿನ ಮೇಲಿಟ್ಟಳು.

ಅಮ್ಮ ಕೈ ಒರೆಸಿಕೊಂಡು ಫೋನಿನ ಮುಂದೆ ನೆಟ್ಟಗೆ ಕೂತಳು. ತನ್ನ ಹೆಸರು ಹೇಳಿದಳು. ನೀರು ಕುಡಿದಳು.

“ಬೀಗ ಹಾಕಿದವನ ಮಗಳು ನಾನು,” ಎಂದಳು.